ಮುಚ್ಚಳದ ಸದ್ದು

ಶಿಡ್ಲಘಟ್ಟದ ಆ ಫಿಲೇಚರು ಮುಚ್ಚಿದ ವಾರ
ಆಟೋದಲ್ಲಿ ಬಂತು, ಕಾಲಡಿ ಗೋಣಿಚೀಲ,
ಹನ್ನೊಂದೋ ಹನ್ನೆರಡೋ ವರ್ಷದ ನಾಯಿ.
ಮೂತಿಗೆ ಬೂದಿ ಮೆತ್ತಿದ ಹಾಗೆ ನರೆ,
ಎಡಗಿವಿಯಲ್ಲಿ ಬಿಸಿನೀರು ಸಿಡಿದ ಬೋಳು ಕಲೆ.
ಹೆಸರು ಬಾದಾಮ್, ಅಂದಳು ಮುಬೀನಾ,
ಅಬ್ಬಾ ಇಟ್ಟದ್ದು. ಅಬ್ಬಾ ಈಗ ಇಲ್ಲ.
ಬಾಡಿಗೆಮನೆಯೋರು ನಾಯಿ ಒಪ್ಪಲ್ಲ.

ದಿಬ್ಬೂರಹಳ್ಳಿ ರಸ್ತೆಯಲ್ಲಿ ನಮ್ಮದು,
ಮುಂದೆ ಜೆರಾಕ್ಸ್ ಅಂಗಡಿ, ಹಿಂದೆ
ನಾನು, ನಾದಿನಿ ಮುನಿಲಕ್ಷ್ಮಿ.
ಇಬ್ಬರಿಗೂ ನಾಯಿ ಸಾಕಿ ಗೊತ್ತಿಲ್ಲ.

ಗೇಟಿನ ಹತ್ತಿರ ಕೂತಿತು,
ತಡವಾದ ಬಸ್ಸಿಗೆ ಕಾಯುವವರ ಹಾಗೆ,
ಯಾರ ಮೇಲೂ ಸಿಟ್ಟಿಲ್ಲದೆ.
ಮೊಸರನ್ನ ಇಟ್ಟೆವು. ಇರುವೆ ತಿಂದವು.
ಮುದ್ದೆ ಮುರಿದು ಸಾರಿಗೆ ಅದ್ದಿದೆವು.
ಮೂಸಿ, ಮರ್ಯಾದೆಗೆ ಒಂದು ಸಲ ನೆಕ್ಕಿ
ಮುಖ ತಿರುಗಿಸಿತು.
ಬೆಂದ ರೇಷ್ಮೆಹುಳ ತಿಂದು ಬೆಳೆದ ಬಾಯಿ;
ಆ ನಾತ ಎಲ್ಲಿಂದ ತರಲಿ ನಮ್ಮ ಅಡಿಗೆಮನೆಗೆ?

ಬಾ, ಅಂದೆ. ರಾ ರಾ, ಅಂದಳು ಮುನಿಲಕ್ಷ್ಮಿ.
ಆಜಾ, ಇದರ್ ಆ, ಬಾದಾಮ್ ಮಿಯಾ...
ಗಿರಾಕಿಗಳಿಂದ ಕಲಿತಷ್ಟೂ ಸುರಿದೆ.
ಬಾಲ ಒಂದಿಂಚು ಎದ್ದು ಮತ್ತೆ ಮಲಗಿತು.

ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಿತ್ತು,
ಒಲೆಗೆ ಸೌದೆ ಹಾಕುವ ಹೊತ್ತು ಅದಕ್ಕೆ.
ಕಾಂಪೌಂಡು ಸುತ್ತಿ, ಹೊಗೆ ಸಿಗದೆ, ವಾಪಸ್ಸು ಗೇಟಿಗೆ.
ಆರನೇ ದಿನ ಕಂಡುಕೊಂಡಿತು ತಾನೇ,
ಓಡಿ ಓಡಿ ಕಾದ ಜೆರಾಕ್ಸ್ ಮಷೀನಿನ ಬೆನ್ನು.

ಮುಬೀನಾಗೆ ಫೋನು ಮಾಡಿದೆ.
ನಿಮ್ಮಪ್ಪ ಏನಂತ ಕರೀತಿದ್ರು ಇದನ್ನ?
ಸ್ವಲ್ಪ ಹೊತ್ತು ಆ ಕಡೆ ಬರೀ ಫ್ಯಾನಿನ ಸದ್ದು.
ಏನೂ ಕರೀತಿರ್ಲಿಲ್ಲ ಅಕ್ಕ.
ಟಿಫಿನ್ ಡಬ್ಬಿ ಮುಚ್ಚಳ ಎರಡು ಸಲ ಕುಟ್ಟೋರು, ಅಷ್ಟೆ.

ಕುಟ್ಟಿದೆ.
ಹಿಂಗಾಲು ಎಳೆಯುತ್ತ ಅವಸರವಾಗಿ ಬಂತು.
ಮುಚ್ಚಳ ನೋಡಿತು, ಹಿಡಿದ ಕೈ ನೋಡಿತು,
ಆಮೇಲೆ ನನ್ನ ಮುಖ.
ಬೇರೆಯವರ ಕಾಗದಕ್ಕೆ ಸಹಿ ಹಾಕಿ
ಸಿಕ್ಕಿಬಿದ್ದವಳ ಹಾಗೆ ನಿಂತೆ.
ಒಂದು ತುತ್ತು ತಿಂದಿತು.

ಮತ್ತೆ ಆ ಮುಚ್ಚಳ ಮುಟ್ಟಿಲ್ಲ.
ಈಗ ಸ್ಟೇಪ್ಲರ್ ಒತ್ತುತ್ತೇನೆ ಊಟಕ್ಕೆ,
ಟಕ್ ಟಕ್ ಟಕ್, ಮೂರು ಸಲ. ಅದು ನಮ್ಮದು.

ನಿನ್ನೆ ಯಾರೋ ಪಹಣಿ ಜೆರಾಕ್ಸಿಗೆ ಬಂದು
ಮೂರು ಸೆಟ್ಟಿಗೆ ಪಿನ್ನು ಹೊಡೆಸಿಕೊಂಡರು.
ಬಾದಾಮ್ ಎದ್ದು ಬಂತು. ಊಟ ಅಲ್ಲ ಅಂತ ತಿಳಿದು
ಅವರ ಚಪ್ಪಲಿ ಮೂಸಿ ಬಾಗಿಲಿಗೆ ಅಡ್ಡ ಮಲಗಿತು.
ದಾಟಿಕೊಂಡು ಹೋಗಿ, ಅಂದೆ,
ಅದು ಏಳಲ್ಲ.