ಎರಡನೆಯ ಪೆಡಲು

ಎರ್ಮೀನಿಯೊ ಗಲ್ಲಾಪೆಟ್ಟಿಗೆಯ ಪಕ್ಕ ಮೂರು ಡಬ್ಬಿ ಇಟ್ಟ.
"ನೋಡು ಝುಲ್ಮೀರಾ, ಒಂದು ಅಗ್ಗ, ಒಂದು ಮೌನ,
ಒಂದು ಕಾರಿನ ಕಂಪನಿಯದೇ."
ಹೊರಗೆ ಫುಂಶಾಲಿನ ರಸ್ತೆ ಎಂದಿನಂತೆ
ಸಮುದ್ರದ ಕಡೆಗೆ ಬೀಳುತ್ತಲೇ ಇತ್ತು.

ಮೊದಲು ಅಳತೆಯ ತಕರಾರು.
ನನ್ನ ಪುಟ್ಟ ಕಾರಿಗೆ ಆ ವರ್ಷ ಎರಡು ಥರದ ಡಿಸ್ಕಂತೆ,
ಜೂನಿಗೆ ಮುಂಚೆ ಒಂದು, ಆಮೇಲೆ ಇನ್ನೊಂದು.
ನನ್ನದು ಹುಟ್ಟಿದ್ದೇ ಜೂನಿನಲ್ಲಿ.
ಮೊಣಕಾಲೂರಿ, ಚಕ್ರದ ಸಂದಿಯಲ್ಲಿ
ಅವನ ಮಗಳ ಸ್ಕೂಲಿನ ಸ್ಕೇಲು ತೂರಿಸಿ ಅಳೆದೆವು.
ಬೆರಳಿಗೆ ಹತ್ತಿದ್ದು ಕಪ್ಪು ಹಿಟ್ಟು,
ಯಾರ ಯಾರದೋ ಗಾಬರಿ ನುಣ್ಣಗೆ ಬೀಸಿದ್ದು.

ಹಳೆಯದನ್ನು ಬಿಚ್ಚಿ ಕೈಗಿಟ್ಟ. ಇನ್ನೂ ಬಿಸಿ.
ಉಳಿದದ್ದು ಮೂರು ಮಿಲಿಮೀಟರು.
ಮಿಕ್ಕ ಒಂಬತ್ತು ಎಲ್ಲಿ ಹೋಯಿತೆಂಬ ಲೆಕ್ಕ ನನ್ನಲ್ಲಿದೆ:
ಅರ್ಧ, ಬಲ ಅಂದರೆ ಎಡಕ್ಕೆ ತಿರುಗುವ ಪಾದ್ರಿಯ ತಮ್ಮನದು;
ಒಂದಿಡೀ ಮಿಲಿಮೀಟರು, ಪಾಸಾದ ದಿನ ನನ್ನ ಬಾಗಿಲಿಗೆ
ಬಾಳೆಗೊನೆ ತಂದಿಟ್ಟ ಹೋಟೆಲಿನ ಹುಡುಗನದು;
ಹೆಚ್ಚಿನ ಪಾಲು ದಿಯೊಲಿಂಡಾಳದು.
ಅರವತ್ತೊಂದು ವಯಸ್ಸು. ಗಂಡ ತೀರಿಕೊಂಡ ಮೇಲೆ ಕಲಿಯಬಂದವಳು,
ತಿರುವು ನೂರು ಮಾರು ದೂರ ಇರುವಾಗಲೇ
ಬಾವಿಗೆ ಬಿದ್ದವಳಂತೆ ಕಾಲು ಊರುವವಳು.

ನನ್ನ ಪಾಲೂ ಇದೆ.
ಪಾಠ ಹೇಳುವವರ ಕಡೆಗೂ ಒಂದು ಬ್ರೇಕು ಇರುತ್ತದೆ.
ಅವರ ಹೆದರಿಕೆ ಮುಗಿದಲ್ಲಿ ನನ್ನದು ಶುರು.

ಅಪ್ಪ ಮೊಂತೆಯಿಂದ ಬೆತ್ತದ ಜಾರುಬಂಡಿ ಇಳಿಸುತ್ತಿದ್ದ.
ಬಿಳಿ ಅಂಗಿ, ಹುಲ್ಲಿನ ಟೊಪ್ಪಿಗೆ,
ಒಳಗೆ ಕೂತು ಕಿರುಚುವ ಪ್ರವಾಸಿಗಳು.
ಬಂಡಿಗೆ ಬ್ರೇಕಿಲ್ಲ. ಬ್ರೇಕು ಅಂದರೆ ಅಪ್ಪನ ಬೂಟು,
ಹಳೇ ಟೈರು ಕತ್ತರಿಸಿ ಹೊಲಿದ ಅಟ್ಟೆ.
ಶನಿವಾರ ರಾತ್ರಿ ಊಟದ ಮೇಜಿನ ಮೇಲೆ ತುಂಡುಗಳನ್ನು ಹರಡಿ
ಒಂದೊಂದನ್ನೂ ಉಗುರಿನಿಂದ ಒತ್ತುತ್ತಿದ್ದ.
"ಗಟ್ಟಿಯಾದರೆ ಜಾರುತ್ತೆ, ಮೆದುವಾದರೆ ಕರಗುತ್ತೆ.
ಹಿಡಿಯೋದು ಅಂದರೆ ಸವೆಯೋದು ಕಣೇ."
"ಸವೆದಿದ್ದು ಸಾಕು, ತಟ್ಟೆ ಇಡೋಕೆ ಜಾಗ ಬಿಡಿ," ಅಮ್ಮ.

ಅಗ್ಗದ್ದನ್ನು ಮೂಸಿ ನೋಡಿ ಬದಿಗಿಟ್ಟೆ.
ತಣ್ಣಗಿದ್ದಾಗ ಸಾಧು; ಕಾಮಾಶಾದ ಇಳಿಜಾರು ಮುಗಿಯುವಷ್ಟರಲ್ಲಿ
ಪೆಡಲಿನ ಕೆಳಗೆ ಬರೀ ಹತ್ತಿ.
ಸೆರಾಮಿಕ್ಕಿಗೆ ದುಪ್ಪಟ್ಟು ಬೆಲೆ. "ಪುಡಿ ಉದುರಲ್ಲ," ಅಂದ,
"ಸದ್ದೇ ಇಲ್ಲ. ಚರ್ಚಿನಲ್ಲೂ ಓಡಿಸಬಹುದು."
"ಸವೆದಾಗ ಕೂಗುತ್ತದಾ?"
ತಿರುಗಿಸಿ ನೋಡಿದ. ಇಲ್ಲ.
ಮೂರನೆಯದಕ್ಕೆ ಅಂಚಿನಲ್ಲಿ ಉಕ್ಕಿನ ಸಣ್ಣ ನಾಲಿಗೆ,
ಇನ್ನೇನು ಮುಗಿಯಿತು ಅನ್ನುವಾಗ ಡಿಸ್ಕಿಗೆ ತಾಗಿ
ಬೀದಿಗೇ ಕೇಳುವಂತೆ ಅರಚುವ ನಾಲಿಗೆ.

ದಿಯೊಲಿಂಡಾ ಒಮ್ಮೆ ಕೆಂಪು ದೀಪದ ಮುಂದೆ ಹೇಳಿದ್ದಳು:
ಎದೆ ನೋವಿದೆ ಅಂತ ಅವರು ಒಂದು ದಿನ ಬಾಯಿ ಬಿಡಲಿಲ್ಲ.
ಆಮೇಲೆ ಹಸಿರು ಬಂತು. ಹಿಂದಿನವನು ಹಾರನ್ನು ಹೊಡೆದ.

"ಇದು ಕೊಡು," ಅಂದೆ.
ಎರ್ಮೀನಿಯೊ ಹತ್ತು ಯೂರೊ ಬಿಟ್ಟ, ಎಚ್ಚರಿಕೆಯನ್ನು ಬಿಡಲಿಲ್ಲ:
"ಹೊಸದು, ಪಳಗಬೇಕು. ಮೂವತ್ತು ಸಲ ಮೆತ್ತಗೆ ಹಿಡಿ, ಬಿಡು.
ಮೊದಲ ದಿನವೇ ಜೋರು ಮಾಡಿದೆಯೋ, ಗಾಜಾಗುತ್ತೆ."

ಮರುದಿನ ಬೆಳಿಗ್ಗೆ ಬಂದರಿನ ಪಕ್ಕದ ಸಪಾಟು ರಸ್ತೆ.
ದಿಯೊಲಿಂಡಾಗೆ ಹೇಳಿದೆ: ಇವತ್ತು ಬೈಯುವುದಿಲ್ಲ.
ನೀವು ಹೇಗೂ ಹಿಡಿಯುವವರು. ಹಿಡಿಯಿರಿ. ಮೆತ್ತಗೆ. ಮೂವತ್ತು ಸಲ.
ಜಪಮಣಿ ಎಣಿಸುವವಳಂತೆ ತುಟಿಯಲ್ಲೇ ಎಣಿಸಿದಳು.
ಹನ್ನೊಂದು. ಹನ್ನೆರಡು.
ಹತ್ತೊಂಬತ್ತರ ನಂತರ ಮೀನಿನ ಬುಟ್ಟಿಗಳ ಹಿಂದಿನಿಂದ
ಒಂದು ಬೂದು ಬೆಕ್ಕು ಸರ್ರನೆ ಅಡ್ಡ ಬಂತು.
ನನ್ನ ಕಾಲು ನನ್ನ ಪೆಡಲು ಮುಟ್ಟುವಷ್ಟರಲ್ಲಿ
ಕಾರು ನಿಂತಿತ್ತು.
ಬೆಕ್ಕು ನಮ್ಮನ್ನು ನೋಡಿ, ಕೂತು, ಪಂಜ ನೆಕ್ಕಿಕೊಂಡಿತು.
ದಿಯೊಲಿಂಡಾ ಸ್ಟಿಯರಿಂಗು ಬಿಡದೆ ಕೇಳಿದಳು:
"ಇದನ್ನೂ ಸೇರಿಸಲಾ?"