ನಾಲ್ಕನೇ ಖೇಪು

ಡೀಸೆಲ್ ಸೋರಿದರ ಕಣ್ಣಿಗಿ ಕಾಣಸ್ತದ,
ಪರಸಿ ಮ್ಯಾಲೆ ಕಪ್ಪು ಕಲೆ ಬೀಳ್ತದ, ಮೂಗಿಗಿ ಬಡಿತದ.
ಗಾಳಿ ಹಂಗಲ್ಲ.
ಪಂಪು ಎಳಿಯೋ ಕಡಿ ಕೂದಲೆಳಿಯಷ್ಟು ಬಿರುಕಿದ್ದರ
ಹೊರಗ ಒಂದು ಹನಿ ಬರಲ್ಲ,
ಒಳಗ ಹೋಗೂದು ಯಾರಿಗೂ ತಿಳಿಯಲ್ಲ.
ಇದನ್ನ ಮೌಲಾಲಿ ಉಸ್ತಾದ ನನಗ ಹೇಳಿದ್ದು
ಶಹಾಬಾದದ ಖಣಿ ರಸ್ತೆದಾಗ,
ಜಗದೇವಿಯ ಟ್ರ್ಯಾಕ್ಟರ್ ಮೂರನೇ ಸಲ ನಿಂತ ದಿನ.

ಪರಸಿ ಹೇರೂ ಗಾಡಿ.
ಬಾನೆಟ್ಟಿನ ಟಾಕಿ ತುಕ್ಕು ತಿಂದು ಹೋಗಿತ್ತು,
ಯಾರೋ ಗುಜರಿ ಲಾರಿಯದೊಂದು ತಂದು
ಕೆಳಗ, ಗಾಲಿ ಮಗ್ಗುಲಿಗಿ ಜೋತುಬಿಟ್ಟಿದ್ರು.
ಅಂದಿನಿಂದ ಇಂಜಿನ್ನಿಗಿ ಡೀಸೆಲ್ ತಾನಾಗಿ ಇಳಿಯೂದು ನಿಂತು,
ಕೆಳಗಿಂದ ಹೀರಿ ಕುಡಿಯೂದಾಯ್ತು.

ನಿಲ್ಲೋ ಮೊದಲು ಸುದ್ದಿ ಕೊಡತಿತ್ತು:
ಏರಿನಾಗ ದಮ್ಮು ಕಟ್ಟಿದಂಗ ಆಗಿ
ಒಮ್ಮೆ ಒದರಿ, ಒಮ್ಮೆ ಇಳಿದು,
ಬಿಳಿ ಹೊಗಿ ಎರಡು ಉಂಡಿ ಬಿಟ್ಟು
ಸುಮ್ಮನಾಗತಿತ್ತು.
ಆಗ ನಾನು ಫಿಲ್ಟರ್ ಮ್ಯಾಲಿನ ಸ್ಕ್ರೂ ಸಡಿಲಿಸಬೇಕು,
ಸೈಬಣ್ಣ ಕೈಪಂಪು ಒತ್ತಬೇಕು,
ಬುರ್ರ್ ಅಂತ ನೊರಿ,
ನೊರಿ ಹೋಗಿ ಗುಳ್ಳಿ,
ಗುಳ್ಳಿ ಹೋಗಿ ಸಪ್ಪಳಿಲ್ಲದ ಧಾರಿ.
“ಕಟ್ಟು” ಅಂತಿದ್ದ ಉಸ್ತಾದ. ಕಟ್ಟಿದರ ಚಾಲೂ.
ನಾಕು ಸಲ ನಿಂತು ಬಂಕಿನ ತನಕ ಹೋಗತಿತ್ತು, ಮುಂದ ಸುಖ.
ಎರಡು ದಿನ ಬಿಟ್ಟು ಮತ್ತ ಅದೇ.

ತಾಮ್ರದ ವಾಷರ್ ಬದಲಿಸಿದೆವು, ಹನ್ನೊಂದು.
ಫಿಲ್ಟರ್ ಬಟ್ಟಲದ ರಬ್ಬರ್ ಬದಲಿಸಿದೆವು.
ಟಾಕಿ ಬಾಯಿಗಿ ಅರಿವಿ ಸುತ್ತಿ ನಾನು ತುಟಿ ಹಚ್ಚಿ ಊದಿದೆ,
ಅಂವ ಒಂದೊಂದೇ ಜಾಯಿಂಟಿಗಿ ಸಾಬೂನ ನೊರಿ ಹಚ್ಚಿ
ಕನ್ನಡಕ ಹಣಿಗೇರಿಸಿ ಕಾಯಕೋತ ಕೂತ.
ಒಂದೂ ಗುಳ್ಳಿ ಏಳಲಿಲ್ಲ.
ನನ್ನ ಬಾಯಾಗ ಎರಡು ದಿನ ಡೀಸೆಲ್ಲೇ,
ಜ್ವಾಳದ ರೊಟ್ಟಿ ಡೀಸೆಲ್, ಪುಂಡಿಪಲ್ಯ ಡೀಸೆಲ್.

ಆಮ್ಯಾಲೆ ಕ್ಯಾನ್.
ಟಾಕಿ ಬಿಟ್ಟು, ಐದು ಲೀಟರ್ ಕ್ಯಾನಿನಿಂದ ಸೀದಾ ಪಂಪಿಗಿ
ಒಳಗಿಂದು ಕಾಣೋ ಪೈಪು.
ಮಡಗಾರ್ಡ್ ಮ್ಯಾಲೆ ಅದನ್ನ ಎದಿಗವಚಿ ಕೂತೆ,
ಖಾಲಿಯಾದಂಗ ತುಂಬಿದೆ.
ಐದು ಖೇಪು ಹೋಯ್ತು. ಕೆಮ್ಮಲಿಲ್ಲ.
“ಪಂಪು ಬೇಗುನಾ” ಅಂದ ಉಸ್ತಾದ,
“ಕಳ್ಳ ಟಾಕಿ ಕಡಿ ಇದ್ದಾನ.
ಆದರ ಅಲ್ಲಿ ನೋಡಲಾರದ್ದು ಏನು ಉಳದದ?”

ಜಗದೇವಿ ಅಲ್ಲಿ ತನಕ ಮಾತಾಡಿರಲಿಲ್ಲ.
ಸಾಲಿ ಹುಡುಗರ ನೂರು ಪುಟದ ವಹಿ ತೆಗೆದು
ಬೆರಳಿಟ್ಟು ಓದಿದಳು:
“ಬುಧವಾರ ನಾಲ್ಕನೇ ಖೇಪು, ನಿಂತದ.
ಶುಕ್ರವಾರ ನಾಲ್ಕನೇದು.
ಐತವಾರ ಮೊದಲನೇದೇ, ಅವತ್ತು ಅರ್ಧ ಟಾಕಿ ಹಾಕ್ಸಿದ್ದೆ.
ಶನಿವಾರ ನಡುವ ಮತ್ತ ತುಂಬಸೀನಿ. ನಿಂತಿಲ್ಲ.
ಖಾಲಿ ಅಲ್ಲ ಮತ್ತ, ಕಡ್ಡಿ ಇಳಿಸಿ ನೋಡೀನಿ.”

ಮೌಲಾಲಿ ಬೀಡಿ ಆರಿಸಿದ.
ಏನೂ ಅನ್ನಲಾರದ ಟಾಕಿ ಮ್ಯಾಲಿನ ನಟ್ಟು ಬಿಚ್ಚಿ
ತಳದ ತನಕ ಇಳಿಬಿಟ್ಟ ಕೊಳವಿ ಎಳೆದು ತೆಗೆದ.
ತುದಿಗಿ ಹೆಬ್ಬಟ್ಟು ಒತ್ತಿ, ಬಕೀಟಿನ ನೀರಾಗ ಮುಳುಗಿಸಿ ಊದಿದ.
ನಟ್ಟನಡು, ಬೆಸುಗಿ ಗೆರಿ ಮ್ಯಾಲೆ
ಸಾಸಿವಿ ಕಾಳಿನಂಥ ಗುಳ್ಳಿ. ಒಂದು. ಇನ್ನೊಂದು.

ಟಾಕಿ ತುಂಬಿದಾಗ ಆ ತೂತು ಮುಳುಗಿರ್ತದ,
ಅದೂ ಡೀಸೆಲ್ಲೇ ಕುಡಿತದ.
ಇಳಿದಾಗ ಬಯಲಿಗಿ ಬರ್ತದ.
ಹೊರಗ ಎಷ್ಟು ಸಾಬೂನ ತಿಕ್ಕಿದರೇನು.

ಹಿತ್ತಾಳಿ ಬೆಸುಗಿ, ಎಂಬತ್ತು ರೂಪಾಯಿ.
“ವಾಷರಿಂದು?” ಅಂದಳು, ವಹಿ ಬಿಚ್ಚಿ.
“ಅದು ನನ್ನ ಸಾಲಿ ಫೀಸು” ಅಂದ ಅಂವ, ಆಕಿ ಕಡಿ ನೋಡಲಾರದ.
ಆಕಿ ಬರಕೊಂಡೇ ಬರಕೊಂಡಳು: ವಾಷರ್ ಹನ್ನೊಂದು, ಬಾಕಿ.

ಮರುದಿನ ನಾಲ್ಕನೇ ಖೇಪಿಗಿ
ಏರಿನ ಬುಡಕ್ಕ ಮೂವರೂ ನಿಂತಿದ್ದೆವು, ಮಾತಿಲ್ಲದ.
ಕೆಮ್ಮು ಬರೋ ಜಾಗ ಬಂತು,
ಹೋಯ್ತು.
ಟ್ರಾಲಿ ತಿರುವಿನಾಗ ಮರಿಯಾಗಿ, ಧೂಳೂ ಕೂತ ಮ್ಯಾಲೆ
ಉಸ್ತಾದ ಇನ್ನೂ
ಕಿವಿಗಿ ಕೈ ಹಚ್ಚಿಕೊಂಡೇ ಇದ್ದ.