ಕರ್ನಲ್ ಬದಲಾದ ರಾತ್ರಿ

ಗೋದಾಮಿಗೆ ಬೆಂಕಿ ಬಿದ್ದಿದೆ ಎನ್ನುತ್ತಿದೆ ಪರದೆ.
ಹವಾಲ್ದಾರ್ ಚಿಟ್ಟಿಯಪ್ಪ ಮರಳಿನ ಬಕೆಟ್ ಹಿಡಿದು ಓಡಿ
ಕದ ತೆಗೆದರೆ
ಒಳಗೆ ಚಳಿ, ಗೋಣಿಚೀಲದ ವಾಸನೆ,
ಒಂದು ಬೆಕ್ಕು.

ಗೋಣಿಕೊಪ್ಪ. ಫೆಬ್ರವರಿ. ರಾತ್ರಿ ಎರಡೂಕಾಲು.
ಬೆಂಕಿಗೆ ಹೆದರಿ ಡ್ರಯರ್ ತಾನೇ ನಿಂತುಬಿಟ್ಟಿದೆ.
ಉರುಳೆಯೊಳಗೆ ಮೂರು ಟನ್ನು ಅರೆಒಣಗಿದ ಕಾಫಿ
ಬೆಳಗಾಗುವುದರೊಳಗೆ ಮುಗ್ಗಲು ಹಿಡಿಯಲು
ಕಾದು ಕೂತಿದೆ.

"ಸಂಜೆ ಏನು ಮಾಡಿದಿರಿ ಮೇಡಂ?"
"ಕರ್ನಲ್ ಬದಲಾಯಿಸಿದೆ."
ಬಕೆಟ್ ಕೆಳಗಿಟ್ಟರು, ಬೆನ್ನು ನೆಟ್ಟಗಾಯಿತು:
"ಯಾವ ಕರ್ನಲ್? ಪಾಲಿಬೆಟ್ಟದವರಾ?"

ಅಲ್ಲ, ಇದು ಲಿನಕ್ಸಿನ ಕರ್ನಲ್.
ತಂತಿಗಳಿಗೂ ನಮಗೂ ನಡುವೆ ನಿಂತು
ಯಾರು ಯಾರೆಂದು ಹೇಳುವವನು.
ನಾಲ್ಕನೆಯವನು ಹೋಗಿ ಆರನೆಯವನು ಬಂದಿದ್ದಾನೆ.

"ಹಾಗೆ ಹೇಳಿ ಮತ್ತೆ.
ಹೊಸ ಕರ್ನಲ್ ಬಂದರೆ ಫಾಲಿನ್ ಕ್ರಮ ಬದಲಾಗುತ್ತೆ.
ನಿನ್ನೆಯ ಎರಡನೆಯವನು ಇವತ್ತು ಮೂರನೆಯವನು.
ನಂಬರು ಕೂಗಿದರೆ
ಬೇರೆ ಯಾರೋ ಮುಂದೆ ಬಂದು ಸೆಲ್ಯೂಟ್ ಹೊಡೆಯುತ್ತಾನೆ."

ಕೀಲಿಮಣೆಯ ಮೇಲೆ ನನ್ನ ಕೈ ನಿಂತಿತು.
ಎರಡನೇ ಸೆನ್ಸರ್ ಮೂರಾಗಿತ್ತು, ಮೂರನೆಯದು ಎರಡು;
ಉರುಳೆಯ ನಲವತ್ತಾರು ಡಿಗ್ರಿ
ಗೋದಾಮಿನ ಹೆಸರಲ್ಲಿ ಕೂಗಿಕೊಳ್ಳುತ್ತಿತ್ತು.

"ನಮ್ಮ ಕಡೆ ಗಣಪತಿ ಅಂತ ಕೂಗಿ ನೋಡಿ,
ಸಂತೆಯಲ್ಲಿ ಏಳು ಜನ ತಿರುಗುತ್ತಾರೆ.
ಮನೆಹೆಸರು ಹೇಳಬೇಕು."

ನಂಬರು ಅಳಿಸಿದೆ.
ಯಾವ ಚಿಪ್ಪು, ಯಾವ ಬಸ್ಸು, ಎಷ್ಟನೇ ವಿಳಾಸ,
ಸಾಲು ಬದಲಾದರೂ ಬದಲಾಗದ್ದನ್ನು ಬರೆದೆ.
ಗೋದಾಮು ಹತ್ತೊಂಬತ್ತಕ್ಕೆ ಇಳಿಯಿತು. ಬೆಂಕಿ ಆರಿತು.
ಆದರೆ ಉರುಳೆ
ತೊಂಬತ್ತೆರಡು ಎನ್ನುತ್ತಿದೆ.

ಉಮ್ಮರ್‌ಕಾಕ ಬಾಗಿಲು ಸರಿಸಿ
ಮೊಣಕೈವರೆಗೂ ಕೈ ಹಾಕಿ, ಕಣ್ಣು ಮುಚ್ಚಿ,
ಮಗುವಿನ ಹಣೆ ಮುಟ್ಟಿದ ಹಾಗೆ:
"ಇಲ್ಲ ಮೋಳೆ, ಜ್ವರ ಇಲ್ಲ."

ಮತ್ತೆ ಕಡತ ತೆರೆದು ಕೆಳಗಿಳಿದೆ, ಇನ್ನೂ ಕೆಳಗೆ.
ಅಲ್ಲೊಂದು ಸಾಲು: ಎರಡರಿಂದ ಗುಣಿಸಿ.
ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ:
ದಯವಿಟ್ಟು ಮುಟ್ಟಬೇಡಿ. ಲ್ಯಾನ್ಸಿ, ೨೦೧೪.

ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಲ್ಯಾನ್ಸಿ.
ಈಗ ಸಿದ್ದಾಪುರದಲ್ಲಿ ಕೋಳಿ ಅಂಗಡಿ.
ಅವನ ಕಾಲದ ಡ್ರೈವರ್ ಅರ್ಧ ಕಾವನ್ನಷ್ಟೇ ಓದುತ್ತಿತ್ತು,
ಉಳಿದರ್ಧವನ್ನು ಅವನು ಕೂಡಿಸಿದ.
ಆರನೆಯವನು ಸರಿಯಾಗಿ ಓದಲು ಕಲಿತೇ ಬಂದಿದ್ದಾನೆ.
ಅಜ್ಜನಿಗೆ ಕಿವಿಯಂತ್ರ ತಂದ ಮೇಲೂ
ಮನೆಯವರೆಲ್ಲ ಕಿರುಚುತ್ತಲೇ ಇದ್ದ ಹಾಗೆ
ಆ ಸಾಲು ಮಾತ್ರ ಗುಣಿಸುತ್ತಲೇ ಇತ್ತು.

ತಪ್ಪು ಅಂತ ಅಳಿಸಲು ಮನಸ್ಸಾಗಲಿಲ್ಲ.
ಹತ್ತು ವರ್ಷ ಅದು ಸರಿಯೇ ಇತ್ತು;
ಆ ಸಾಲಿನ ಮೇಲೆಯೇ ಎಷ್ಟೋ ಲೋಡು
ಮಂಗಳೂರಿನ ಹಡಗು ಹತ್ತಿದೆ.
ಮುಂದೊಂದು ಜಾಲರಿ ಗುರುತು ಹಾಕಿ ಸುಮ್ಮನಾಗಿಸಿದೆ.
ಕೆಳಗೆ ಬರೆದೆ:
ನಾಲ್ಕನೆಯವನ ಕಾಲಕ್ಕೆ ಇದು ಬೇಕು. ಆರನೆಯವನಿಗೆ ಬೇಡ.
ಏಳನೆಯವನು ಬಂದಾಗ
ಮೊದಲು ಯಾರಾದರೂ ಕೈ ಹಾಕಿ ನೋಡಿ.

ಮೂರೂ ನಲವತ್ತಕ್ಕೆ ಉರುಳೆ ನರಳಿ ತಿರುಗಿತು.
ಉಮ್ಮರ್‌ಕಾಕ ಒಂದು ಬೀಜ ಹಲ್ಲಿಗಿಟ್ಟು ಕಚ್ಚಿದರು:
"ಇನ್ನೂ ಎರಡು ಗಂಟೆ."
ಪರದೆ ಹೇಳಿತು, ಎರಡು ಗಂಟೆ ಹತ್ತು ನಿಮಿಷ.
ಆ ಹತ್ತು ನಿಮಿಷ ಯಾರದೆಂದು
ಯಾರೂ ಕೇಳಲಿಲ್ಲ.

ಗೇಟಿನ ದೀಪದಡಿ ಚಿಟ್ಟಿಯಪ್ಪ
ರಿಜಿಸ್ಟರಿನಲ್ಲಿ ದುಂಡಗೆ ಬರೆದರು:
ಸಮಯ ೨.೧೫. ಬೆಂಕಿ ಇಲ್ಲ.
ಕರ್ನಲ್ ಬದಲಾವಣೆ.
ಗೋದಾಮಿನಲ್ಲಿ ಬೆಕ್ಕು, ಒಂದು.